ಹೋಗಿ ಬರುವ ಕಾರು

"ಅಕ್ಕ, ಇನ್ನು ಈ ಕಾರಿಗೆ ಡ್ರೈವರ್ ಬೇಡ, ಬುದ್ಧಿ ಸಾಕು!" ಎಂದ ನನ್ನ ತಮ್ಮ ಸೇತುರಾಮ, ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದ್ದ ಉಪ್ಪಿನಕಾಯಿ ಡಬ್ಬಿಯನ್ನು ಸವರುತ್ತಾ. ಅದರ ಹೆಸರು 'ಯಜಮಾನಿ'ಯಂತೆ.

"ಇದು ಬ್ಯಾಟರೀಲೂ ಓಡುತ್ತೆ, ಪೆಟ್ರೋಲಲ್ಲೂ ಓಡುತ್ತೆ. ಊರೊಳಗೆ ಬ್ಯಾಟರಿ, ಹೆದ್ದಾರೀಲಿ ಪೆಟ್ರೋಲ್. ಬ್ರೇಕ್ ಹಾಕಿದ್ರೆ ಅಷ್ಟೋ ಇಷ್ಟೋ ಕರೆಂಟ್ ವಾಪಸ್. ಹೊರಡೋವಾಗ ನಾವು ಆಡೋ ಮಾತು ಕೇಳಿಸ್ಕೊಂಡು, ಎಲ್ಲಿಗೆಷ್ಟು ಅಂತ ಯಜಮಾನಿ ಅಳೆದು ಬಡಿಸ್ತಾಳೆ."

"ನಡುವೆ ಏನಾದ್ರೂ ಹೇಳಬೇಕು ಅಂದ್ರೆ?"

"ಲೆಕ್ಕ ಕೆಡುತ್ತೆ ಅಂತ ಆಗ ಕಿವಿ ಮುಚ್ಚಿಸಿದ್ದೀನಿ!"

ನನ್ನ ಮೈ ಉರಿಯಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಅರಸೀಕೆರೆಯಿಂದ ತಿಪಟೂರಿಗೆ ಹೆಣ್ಣು ನೋಡಲು ಹೊರಟಿದ್ದೆವು. ಇವನ ಯಂತ್ರಗಳ ಸುದ್ದಿ ಕೇಳಿಯೇ ಎಷ್ಟೋ ಸಂಬಂಧಗಳು ಮುರಿದಿದ್ದವು. ಇದೂ ತಪ್ಪಿದರೆ ಇವನಿಗೆ ಡಬ್ಬಿಯೇ ಗತಿ ಎಂದು ನನಗೆ ನಿಜವಾಗಿಯೂ ಸಂಕಟವಾಗಿತ್ತು.

"ತಿಪಟೂರು," ಎಂದ ಸೇತು. ಕಾರು ಕಮಕ್ ಕಿಮಕ್ ಎನ್ನದೆ ತಲುಪಿಸಿತು.

ಹುಡುಗಿ ಚಂಪಕ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಇವನು ಬ್ಯಾಟರಿ ಪುರಾಣ ಬಿಚ್ಚಿದರೆ ಅವಳು ಆಕಳಿಸಲಿಲ್ಲ, ಪ್ರಶ್ನೆ ಕೇಳಿದಳು! ನನ್ನ ಜೀವ ತಂಪಾಯಿತು. ಉಪ್ಪಿಟ್ಟು ತಿಂದು, ಕಾರಿನಲ್ಲಿ ಕೂತು, ಕಿಟಕಿಯಿಂದ ಕೈ ಮುಗಿದೆವು.

"ಅರಸೀಕೆರೆಗೆ ಹೋಗಿ ಬರ್ತೀವಿ."

ನಮ್ಮ ಮನೆ ಗೇಟಿನ ತನಕ ಎಲ್ಲ ಸರಿಯಾಗಿತ್ತು. ಇಳಿಯೋಣವೆಂದರೆ ಬಾಗಿಲು ತೆರೆಯಲೊಲ್ಲದು!

"ಹೋಗಿದ್ದಾಯಿತು. ಇನ್ನು ಬರಬೇಕು. ಅದಕ್ಕೆಂದೇ ಅರ್ಧ ಬ್ಯಾಟರಿ ಉಳಿಸಿದ್ದೇನೆ," ಎಂದಿತು ಡಬ್ಬಿ, ಹೆಮ್ಮೆಯಿಂದ. ಕಾರು ಗಿರಕ್ಕನೆ ತಿರುಗಿ ತಿಪಟೂರಿನ ದಾರಿ ಹಿಡಿಯಿತು.

"ನಿಲ್ಲಿಸೋ!"

"ಕಿವಿ ಮುಚ್ಚಿದೆ ಅಕ್ಕ!"

ಹುಡುಗಿಯ ತಂದೆ ಅನಂತಯ್ಯನವರು ಬಾಗಿಲಿಗೆ ಬಂದರು. "ಏನಾದ್ರೂ ಮರೆತ್ರಾ?"

"ಛತ್ರಿ," ಎಂದೆ. ನಾವು ಛತ್ರಿ ತಂದೇ ಇರಲಿಲ್ಲ. ಪಾಪ, ಅವರು ತಮ್ಮದನ್ನೇ ಕೊಟ್ಟರು. ಕಾಫಿಯಾಯಿತು. ನಾಚಿಕೆಯಲ್ಲಿ ನಾಲಗೆ ಅಭ್ಯಾಸ ಬಿಡುತ್ತದೆಯೇ? ಮತ್ತೆ "ಹೋಗಿ ಬರ್ತೀವಿ" ಎಂದೆವು.

ಹೋದೆವು. ಬಂದೆವು!

ಈ ಸಲ ಒಳಗಿನಿಂದ ಯಾರೋ, "ರಾತ್ರಿ ಊಟಕ್ಕೂ ಇಲ್ಲೇನೋ!" ಎಂದದ್ದು ಕೇಳಿಸಿತು. ಅನಂತಯ್ಯನವರ ಮುಖ ಗಂಟಿಕ್ಕಿತು. "ಸ್ವಾಮಿ, ಇದೇನು ತಮಾಷೇನಾ? ಹೀಗಾದ್ರೆ ನಾವು ಯೋಚನೆ ಮಾಡಬೇಕಾಗುತ್ತೆ."

ಸೇತು ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಚಂಪಕ ಕಿಸಕ್ಕನೆ ನಕ್ಕಳು.

"ನಿಮ್ಮ ಯಜಮಾನಿಗೆ ವ್ಯಾಕರಣ ಬರುತ್ತೆ, ವ್ಯವಹಾರ ಬರಲ್ಲ. ಬರೀ 'ಹೋಗ್ತೀವಿ' ಅಂದುಬಿಡಿ, ಮನೇಲಿ ಬಿಟ್ಟು ಸುಮ್ಮನಾಗುತ್ತೆ."

ನಾನು ಗಾಬರಿಯಾದೆ. ಹೆಣ್ಣಿನ ಮನೆ ಬಾಗಿಲಲ್ಲಿ 'ಹೋಗ್ತೀವಿ' ಎನ್ನುವುದೇ! ಸಂಬಂಧಕ್ಕೆ ಎಳ್ಳುನೀರು ಬಿಟ್ಟಂತೆ. ಆದರೂ ಎಷ್ಟು ಸಲ ಈ ಮೆರವಣಿಗೆ? "ಹೇಳೋ," ಎಂದು ತಮ್ಮನನ್ನು ಚಿವುಟಿದೆ.

"ಆಗಲ್ಲ ಅಕ್ಕ. ಬೆಳಗಾಗೋವರೆಗೂ ಅಲೀತೀನಿ ಬೇಕಾದ್ರೆ, ಆ ಮಾತು ಆಡಲ್ಲ. ನಂಗೆ ಇವರು ಬೇಕು!"

ಅನಂತಯ್ಯನವರು ಕೆಮ್ಮಿದರು. ಚಂಪಕಳ ಮುಖ ಕೆಂಪಾಯಿತು. ಅವಳು ನೆಟ್ಟಗೆ ಕಾರಿನ ಹತ್ತಿರ ಹೋಗಿ, ಕಿಟಕಿಗೆ ಬಗ್ಗಿದಳು.

"ನೋಡಮ್ಮ ಯಜಮಾನಿ, ನಾನೂ ಬರ್ತೀನಿ. ಆದ್ರೆ ಮದುವೆ ಆದ್ಮೇಲೆ."

"ಸರಿ. ಕಾಯುತ್ತೇನೆ," ಎಂದಿತು ಡಬ್ಬಿ. ದೀಪಗಳು ಆರಿದವು, ಚಕ್ರಗಳು ಬಿಗಿದುಕೊಂಡವು. ತಳ್ಳಿದೆವು, ಬೈದೆವು, ಸೇತು ವೈರು ಕಿತ್ತ. ಜಪ್ಪಯ್ಯ ಅಂದರೂ ಕದಲಲಿಲ್ಲ! ಕೊನೆಗೆ ಭಾವೀ ಮಾವನವರೇ ಗೀಸರಿನ ಪ್ಲಗ್ಗು ಕಿತ್ತು, ಕಾರನ್ನು ಚಾರ್ಜಿಗೆ ಹಾಕಿದರು.

ಹೆಣ್ಣಿನ ಕಡೆಯವರಿಂದ ಕಾರು ಕೇಳುವ ಬೀಗರನ್ನು ಎಷ್ಟೋ ಕಂಡಿದ್ದೇನೆ. ಕಾರನ್ನು ಅವರ ಮನೆಯಲ್ಲೇ ಬಿಟ್ಟು, ಕೊನೇ ಬಸ್ಸಿಗೆ ಓಡಿದ ಗಂಡಿನ ಕಡೆಯವರು ಮಾತ್ರ ನಾವೇ ಮೊದಲಿರಬೇಕು.