ನಾಳೆ ಮೇಸ್ತ್ರಿ ಮಾಡಿದ ನೆಟ್ಟಗಿನ ಪೆಟ್ಟಿಗೆ

ಚರ್ಚಿನ ಬೆಂಚು ಕಿರುಚಿದ್ದೇ ಎಲ್ಲಕ್ಕೂ ಮೂಲ.

ಭಾನುವಾರ. ಪಾದ್ರಿಗಳು ಪ್ರಸಂಗದ ನಡುವೆ ನಿಂತು, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು: "ಯೇಸುಸ್ವಾಮಿ ಬಡಗಿ ಕೆಲಸ ಮಾಡಿ ಬೆವರು ಹರಿಸಿದವರು. ಅವರ ಅಂಗಡಿಯಿಂದ ಹೊರಗೆ ಹೋದ ಒಂದಾದರೂ ಮೇಜು ಅಲ್ಲಾಡಿರಬಹುದು ಅಂತ ನಿಮಗೆ ಅನ್ನಿಸುತ್ತಾ?" ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಆ ಮೌನದಲ್ಲಿ ಕೊನೆಯ ಸಾಲಿನಲ್ಲಿದ್ದ ಬಡಗಿ ಮೇಸ್ತ್ರಿ ಕಾಲು ಬದಲಿಸಿ ಕೂತ. ಅವನೇ ಮಾಡಿದ ಬೆಂಚು, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಅರಚಿಕೊಂಡಿತು.

ಸಭೆಯೆಲ್ಲ ತಿರುಗಿ ನೋಡಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಹೊರಗೆ ಬಂದಮೇಲೆ ಬೈದು ಬಾಯಿ ಮುಚ್ಚಿಸುತ್ತಿದ್ದ. ನಗದೆ ನೋಡುವವರನ್ನು ಏನು ಮಾಡುವುದು?

ಅವನಿಗೆ ಊರವರು ಇಟ್ಟ ಹೆಸರು ನಾಳೆ ಮೇಸ್ತ್ರಿ. ಯಾವ ಕೆಲಸ ಯಾವಾಗ ಕೇಳಿದರೂ ಅವನ ಉತ್ತರ ಒಂದೇ, "ನಾಳೆ." ಮಾಡಿಕೊಟ್ಟ ಕೆಲಸವೂ ಅಷ್ಟಕ್ಕಷ್ಟೆ. ಸಂದು ಬಿಟ್ಟ ಕಡೆ ಮರದ ಹೊಟ್ಟಿಗೆ ಗೋಂದು ಕಲಸಿ ಲೇಪ ಮೆತ್ತುವುದು, ಮೇಲೆ ಬಣ್ಣ ಹೊಡೆಯುವುದು. ಯಾರಾದರೂ ದೂರು ತಂದರೆ ಮೂಗಿನ ತುದಿಯಲ್ಲೇ ಇಟ್ಟುಕೊಂಡಿದ್ದ ಸಿಟ್ಟನ್ನು ಅವರ ಮುಖದ ಮೇಲೆ ಎಸೆಯುವುದು. ಇಪ್ಪತ್ತೈದು ವರ್ಷ ಹೀಗೇ ನಡೆದಿತ್ತು.

ಆರಾಧನೆ ಮುಗಿದ ಮೇಲೆ ಅವನು ಒಬ್ಬನೇ ಹಿಂದೆ ಉಳಿದ. ಶಿಲುಬೆಯ ಮುಂದೆ ಮೊಣಕಾಲೂರಿ ಮೂರು ಹರಕೆ ಹೊತ್ತ. ಇನ್ನು ಲೇಪ ಮುಟ್ಟಲ್ಲ. ನಾಳೆ ಅನ್ನಲ್ಲ. ಸಿಟ್ಟು ಮಾಡಲ್ಲ.

"ಮೊದಲೆರಡು ನಿನ್ನ ಕೈಯಲ್ಲಿದೆ," ಅಂದರು ಪಾದ್ರಿಗಳು. "ಮೂರನೆಯದಕ್ಕೆ ಒಂದು ಉಪಾಯ ಹೇಳ್ತೀನಿ. ಸಿಟ್ಟು ಬಂದ ಕೂಡಲೆ ಬಾಯಿ ತುಂಬ ನೀರು ತುಂಬಿಕೋ. ಮನಸ್ಸಿನಲ್ಲೇ ಕರ್ತನ ಪ್ರಾರ್ಥನೆ ಪೂರ್ತಿ ಹೇಳು. ಆಮೆನ್ ಅಂದಮೇಲೆ ನುಂಗು."

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ದೊಡ್ಡ ಮಿಸ್ಸಿನ ಅಣ್ಣನ ಮಗಳು.

"ಮೇಸ್ತ್ರಿ, ಅತ್ತೆಗೆ ಜೋರಾಗಿದೆ. ಇನ್ನು ಒಂದೋ ಎರಡೋ ದಿನ ಅಂದ್ರು ಡಾಕ್ಟರು. ಅತ್ತೆ ತನ್ನ ಶವದ ಪೆಟ್ಟಿಗೆ ತಾನೇ ನೋಡಿ ಆಮೇಲೆ ಹೋಗ್ತೀನಿ ಅಂತ ಹಟ ಹಿಡಿದು ಕೂತಿದ್ದಾರೆ. ಇವತ್ತು ಸಂಜೆಯೊಳಗೆ ಬೇಕು. ನಿಮ್ಮ ಹತ್ತಿರಾನೇ ಮಾಡಿಸಬೇಕಂತೆ."

"ನನ್ನ ಹತ್ತಿರ?" ಮೇಸ್ತ್ರಿಯ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು.

"ಹೂಂ. ಅಳತೆ ತಗೊಳ್ಳೋಕೆ ಮನೆಗೆ ಬರ್ತೀರಾ?"

"ಬೇಡ ಬೇಡ! ಅವರ ಅಳತೆ ನನಗೆ ಚೆನ್ನಾಗಿ ಗೊತ್ತು."

ಗೊತ್ತಿಲ್ಲದೆ ಏನು? ದೊಡ್ಡ ಮಿಸ್ಸು ಅಂದರೆ ಈ ಊರಿನ ಶಾಲೆಯನ್ನು ನಲವತ್ತು ವರ್ಷ ಒಂದೇ ಅಡಿಕೋಲಿನಿಂದ ಆಳಿದವರು. ಮೇಸ್ತ್ರಿಗೆ ಹತ್ತು ವರ್ಷವಾಗಿದ್ದಾಗ ಕೈಕೆಲಸದ ಪರೀಕ್ಷೆಗೆ ಸೀಮೆಸುಣ್ಣ ಇಡುವ ಪೆಟ್ಟಿಗೆ ಮಾಡಿಕೊಟ್ಟಿದ್ದ. ಮುಚ್ಚಳ ಕೂರಲಿಲ್ಲ. ಸಂದಿಗೆ ಅನ್ನ ಮೆತ್ತಿ ಮುಚ್ಚಿದ್ದ. ಮಿಸ್ಸು ಮುಚ್ಚಳ ಎತ್ತಿ, ಮೂಸಿ, ಇಡೀ ತರಗತಿಯ ಮುಂದೆ "ಸೊನ್ನೆ" ಅಂದಿದ್ದರು. ಅವನ ತಲೆಕೂದಲು ಬೆಳ್ಳಗಾದರೂ ಆ ಸೊನ್ನೆ ಮಾಸಿರಲಿಲ್ಲ. ಆಕೆ ರಸ್ತೆಯ ಆ ತುದಿಯಲ್ಲಿ ಕಂಡರೆ ಇವನು ಈ ತುದಿಯ ಸಂದಿಗೆ ನುಗ್ಗುತ್ತಿದ್ದ. ಆರು ವರ್ಷದ ಹಿಂದೆ ಆಕೆ ಹಾಸಿಗೆ ಹಿಡಿದ ಮೇಲೇ ಅವನು ರಸ್ತೆಯಲ್ಲಿ ನೆಟ್ಟಗೆ ನಡೆದದ್ದು.

ಅಂಥ ಮಿಸ್ಸು ಕೊನೆಗೆ ಅವನನ್ನೇ ಕೇಳಿದ್ದಾರೆ. ಬದುಕಿನಲ್ಲಿ ಒಂದು ಸಲ, ಒಂದೇ ಒಂದು ಸಲ ಆ ಬಾಯಲ್ಲಿ 'ಸರಿಯಾಗಿದೆ' ಅನ್ನಿಸಿಕೊಳ್ಳಬೇಕು. ಅದೂ ಇವತ್ತೇ ಆಗಬೇಕು. ಆ ಬಾಯಿ ಇನ್ನೆರಡು ದಿನಕ್ಕೆ ಮುಚ್ಚಿಹೋಗುತ್ತದೆ.

ಅಂಗಡಿಯಲ್ಲಿ ಇದ್ದದ್ದೆಲ್ಲ ಗಂಟುಮರ. ಒಳ್ಳೆಯ ಮರ ಮನೆಯಲ್ಲಿತ್ತು, ಮಂಚದ ಕೆಳಗೆ. ಹೆಂಡತಿಗೆ ಬಟ್ಟೆ ಬೀರು ಮಾಡಿಕೊಡಲು ಹನ್ನೊಂದು ವರ್ಷದ ಹಿಂದೆ ತಂದಿಟ್ಟ ತೇಗದ ಹಲಗೆಗಳು. ಅವನು ಅವನ್ನು ಎಳೆಯುವ ಸದ್ದಿಗೆ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಮುಖ ಅರಳಿತ್ತು.

"ಅಯ್ಯೋ ದೇವರೇ, ಕೊನೆಗೂ ನನ್ನ ಬೀರು ಶುರುವಾಯ್ತಾ!"

"ಅಲ್ಲ ಕಣೇ. ದೊಡ್ಡ ಮಿಸ್ಸಿನ ಪೆಟ್ಟಿಗೆ."

ಹೆಂಡತಿಯ ಮುಖ ಮುದುಡಿತು. "ನಾನು ಬದುಕಿದ್ದೀನಿ, ಹಗ್ಗದ ಮೇಲೆ ಬಟ್ಟೆ ಹಾಕ್ತೀನಿ. ಅವರು ಸಾಯೋಕೆ ತೇಗ ಬೇಕಾ? ನಾನೂ ಸತ್ತರೇನೇ ನಿಮಗೆ ಒಳ್ಳೆ ಕೆಲಸ ಬರೋದು ಅಂತ ಕಾಣುತ್ತೆ!"

ಮೇಸ್ತ್ರಿಯ ಕಿವಿ ಕೆಂಪಾಯಿತು. ಉತ್ತರ ನಾಲಗೆಯ ಮೇಲೆ ಬಂದು ಕುಣಿಯಿತು. ಅವನು ಹೂಜಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡ. ಕೆನ್ನೆ ಉಬ್ಬಿಸಿ ಕಣ್ಣು ಮುಚ್ಚಿ ನಿಂತ ಗಂಡನನ್ನು ನೋಡಿ ಹೆಂಡತಿ ಹೆದರಿದಳು. "ರೀ, ಹಲ್ಲು ನೋವಾ?" ಅವನು ಆಮೆನ್‌ವರೆಗೆ ಹೋಗಿ, ನುಂಗಿ, ಹಲಗೆ ಹೊತ್ತುಕೊಂಡು ಹೊರಟ.

ಹಲಗೆಯ ಮೇಲೆ ತಾನೇ ಅಂಗಾತ ಮಲಗಿ ತಲೆಯ ಹತ್ತಿರ ಗೆರೆ ಹಾಕಿದ. ಮಿಸ್ಸು ತನಗಿಂತ ಒಂದಿಷ್ಟು ಹೆಚ್ಚೇ ಎತ್ತರ. ಯೋಚಿಸಿ ಇನ್ನೂ ಒಂದು ಗೇಣು ಸೇರಿಸಿದ.

ಪಕ್ಕದ ಅಂಗಡಿಯ ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದು ಬಾಗಿಲಿಗೆ ಒರಗಿದ. ಅವನಿಗೆ ತನ್ನ ಹೊಲಿಗೆಗಿಂತ ಪರರ ಕೆಲಸದ ಮೇಲೆ ಪ್ರೀತಿ.

"ಏನಯ್ಯಾ, ಸೋಮವಾರ ಬೆಳಿಗ್ಗೆ ಕೆಲಸ ಮಾಡ್ತಿದ್ದೀಯ, ಜ್ವರಾನಾ?"

ಮೇಸ್ತ್ರಿಯ ಉಜ್ಜುಗೊರಡು ಹಲಗೆಯ ಮೇಲೆ ಸರಸರ ಓಡುತ್ತಿತ್ತು.

"ಮೂಲೆ ಇಷ್ಟು ಯಾಕೆ ಕೆತ್ತುತಾ ಕೂತಿದ್ದೀಯ? ಎರಡು ಮೊಳೆ ಹೊಡಿ, ಲೇಪ ಬಳಿ. ಮಣ್ಣೊಳಗೆ ಹೋದಮೇಲೆ ಯಾವ ಹುಳ ಬಂದು ತಪ್ಪು ಎತ್ತುತ್ತೆ?"

"ಹುಳಕ್ಕಲ್ಲ. ಮೇಲಿರೋನಿಗೆ ಮಾಡ್ತಿದ್ದೀನಿ."

"ಓಹೋ! ಆ ಬೆಂಚು ಯಾರಿಗೆ ಮಾಡಿದ್ದೆ, ಕೆಳಗಿರೋನಿಗಾ?"

ಬಾಯಿಗೆ ನೀರು. ದರ್ಜಿಗೆ ಇದೊಳ್ಳೆ ಹಬ್ಬವಾಯಿತು. ತಿರುಗಿ ಬೈಯಲಾರದ ಮೇಸ್ತ್ರಿ ಅವನಿಗೆ ಎಂದು ಸಿಕ್ಕಿದ್ದ? "ಅಳತೆ ಸರಿಯಾಗಿ ತಗೊಂಡಿದ್ದೀಯ ತಾನೆ? ಬೇಕಾದರೆ ನನ್ನ ಟೇಪು ತಗೋ" ಅಂದ. ಮೇಸ್ತ್ರಿ ಬಾಯಿ ಬಿಡುವಂತಿರಲಿಲ್ಲ. ಬೆರಳಿನಿಂದ ತನ್ನ ಬೆನ್ನು ತೋರಿಸಿದ. ಮಿಸ್ಸಿನ ಅಡಿಕೋಲು ಬಿದ್ದ ಬೆನ್ನಿಗೆ ಎಲ್ಲ ಅಳತೆಯೂ ಗೊತ್ತು ಎಂದರ್ಥ. ದರ್ಜಿ ಬೆನ್ನು ತುರಿಸುತ್ತಿದೆ ಎಂದುಕೊಂಡು ಕೆರೆದುಕೊಟ್ಟ.

ಮಧ್ಯಾಹ್ನದೊಳಗೆ ಮೇಸ್ತ್ರಿ ಎರಡು ಹೂಜಿ ನೀರು ಕುಡಿದಿದ್ದ. ಉಳಿ ಜಾರಿ ಹೆಬ್ಬೆರಳು ಕುಯ್ದಾಗ ಒಂದು ಬಾಯಿ, ದರ್ಜಿ ನಕ್ಕಾಗ ಇನ್ನೊಂದು ಬಾಯಿ, ಚೀಟಿಯ ಕಂತು ಕಟ್ಟುವವನ ಹಾಗೆ ತಪ್ಪದೆ ಹತ್ತು ನಿಮಿಷಕ್ಕೊಮ್ಮೆ ಹಿತ್ತಲಿಗೆ ಓಡಬೇಕಾಗಿ ಬಂದಾಗ ಆ ಸಿಟ್ಟಿಗೆ ಮತ್ತೊಂದು ಬಾಯಿ. ಆದರೆ ಕೆಲಸ ನಿಲ್ಲಲಿಲ್ಲ. ಎರಡು ಕೈಯ ಬೆರಳು ಹೆಣೆದ ಹಾಗೆ ನಾಲ್ಕು ಮೂಲೆಯೂ ಒಂದಕ್ಕೊಂದು ಕೂತವು. ಒಂದು ಕಡೆ ಕೂದಲೆಳೆಯಷ್ಟು ಸಂದು ಕಂಡಿತು. ಕೈ ತಾನಾಗಿ ಲೇಪದ ಡಬ್ಬಿಯ ಕಡೆ ಹೋಯಿತು. ಮೇಸ್ತ್ರಿ ಆ ಕೈಯನ್ನು ಬೇರೆಯವರದೆಂಬಂತೆ ನೋಡಿದ. ಎದ್ದು ಡಬ್ಬಿಯನ್ನು ಹಿತ್ತಲಿಗೆ ಎಸೆದು ಬಂದು, ಮೂಲೆ ಬಿಚ್ಚಿ ಮತ್ತೆ ಕೆತ್ತಿದ. ನಾಲ್ಕು ಗಂಟೆಗೆ ಮುಚ್ಚಳ ಇಟ್ಟರೆ ಅದು ನಿಟ್ಟುಸಿರು ಬಿಟ್ಟ ಹಾಗೆ ಮೆಲ್ಲಗೆ ಕೂತಿತು. ದರ್ಜಿ ಮೂಲೆಯ ಮೇಲೆ ಉಗುರು ಎಳೆದು ನೋಡಿದ. ಉಗುರು ಎಲ್ಲೂ ತಡೆಯಲಿಲ್ಲ. ಅವನು ಟೋಪಿ ತೆಗೆದ.

ಟೋಪಿ ತೆಗೆದದ್ದೇ ತಪ್ಪಾಯಿತು. ತಳ್ಳುಗಾಡಿಯ ಮೇಲೆ ಶವಪೆಟ್ಟಿಗೆ, ಹಿಂದೆ ಟೋಪಿ ತೆಗೆದ ದರ್ಜಿ, ಗಾಡಿ ಮಿಸ್ಸಿನ ಮನೆ ಕಡೆ. ನೋಡಿದವರಿಗೆ ಬೇರೇನು ಅನ್ನಿಸಬೇಕು? ಒಬ್ಬ ಚರ್ಚಿಗೆ ಓಡಿದ. ಸ್ವಲ್ಪ ಹೊತ್ತಿಗೆಲ್ಲ ಮರಣದ ಗಂಟೆ ಢಣ್ ಎಂದಿತು. ಮೇಸ್ತ್ರಿ ಗಾಡಿ ನಿಲ್ಲಿಸಿ ಚರ್ಚಿನ ಕಡೆ ತಿರುಗಿದ. ಹೊರಟೇಹೋದರಾ? ತನ್ನ ಕೆಲಸ ನೋಡದೆ? ಅವನು ಗಾಡಿ ತಳ್ಳುತ್ತ ಓಡತೊಡಗಿದ. ಗಾಡಿ ಓಡಿದ್ದು ಕಂಡು ಊರೂ ಓಡಿತು. ಹಳೆಯ ವಿದ್ಯಾರ್ಥಿಗಳೆಲ್ಲ ಹೂ ಹಿಡಿದು ಅಂಗಳ ತುಂಬಿದರು. ಪಾದ್ರಿಗಳು ಪ್ರಾರ್ಥನೆಯ ಪುಸ್ತಕ ಹಿಡಿದು, ಏದುಸಿರು ಬಿಡುತ್ತ ಬಂದರು.

ಒಳಗಿನಿಂದ ಒಂದು ದನಿ ಬಂತು. ಸಣ್ಣಗಾಗಿದ್ದರೂ ಅಂಗಳದ ಗದ್ದಲ ಪಟ್ಟನೆ ನಿಂತಿತು.

"ಯಾರು ಸತ್ತಿದ್ದು?"

ಪಾದ್ರಿಗಳು ತಡವರಿಸಿದರು. "ಅಂದರೆ, ಅಮ್ಮಾ, ನೀವು ಅಂತ..."

"ನಾನು ಸತ್ತರೆ ನಾನೇ ಹೇಳಿಕಳಿಸ್ತಿದ್ದೆ. ಆ ಗಂಟೆ ನಿಲ್ಲಿಸೋಕೆ ಹೇಳಿ. ಮೇಸ್ತ್ರಿ ಒಳಗೆ ಬಾ."

ಪೆಟ್ಟಿಗೆ ಒಳಗೆ ಬಂತು. ಮಿಸ್ಸು ಕುತ್ತಿಗೆವರೆಗೆ ಕಂಬಳಿ ಹೊದ್ದು ದಿಂಬಿಗೊರಗಿದ್ದರು. ಮಂಚದ ಪಕ್ಕದ ಮೇಜಿನ ಮೇಲೆ ಒಂದು ಚಿಕ್ಕ ಮರದ ಪೆಟ್ಟಿಗೆ, ಅದರ ತುಂಬ ಮಾತ್ರೆ. ಮೇಸ್ತ್ರಿಗೆ ಗುರುತು ಹತ್ತಿತು.

"ನಿನ್ನದೇ," ಅಂದರು ಮಿಸ್ಸು. "ಮುಚ್ಚಳ ಇವತ್ತಿಗೂ ಕೂರಲ್ಲ. ಮಾತ್ರೆ ತೆಗೆಯೋಕೆ ಸಲೀಸು."

ಕಂಬಳಿಯೊಳಗಿಂದ ಒಂದು ಕೈ ಬಂತು. ಮಿಸ್ಸು ಕಣ್ಣು ಮುಚ್ಚಿಕೊಂಡು ಮೂಲೆಗಳನ್ನು ಸವರಿದರು. ಮುಚ್ಚಳ ಎತ್ತಿಸಿ, ಮುಚ್ಚಿಸಿ, ಮತ್ತೆ ಎತ್ತಿಸಿದರು. ಬಗ್ಗಿ ಮೂಸಿದರು. ಮೇಸ್ತ್ರಿಗೆ ಮತ್ತೆ ಹತ್ತು ವರ್ಷವಾಯಿತು.

"ಲೇಪ ಇಲ್ಲ," ಅಂದರು ಮಿಸ್ಸು.

"ಇಲ್ಲ, ಮಿಸ್."

"ಸರಿಯಾಗಿದೆ. ಕೆಲಸಕ್ಕೆ ಹತ್ತಕ್ಕೆ ಹತ್ತು."

ಮೇಸ್ತ್ರಿಯ ಕಣ್ಣಲ್ಲಿ ಇವತ್ತು ಕುಡಿದ ನೀರೆಲ್ಲ ಒಟ್ಟಿಗೆ ಬಂತು. ಪಾದ್ರಿಗಳು ಅವನ ಹೆಗಲು ತಟ್ಟಿದರು. ಬಾಗಿಲಲ್ಲಿದ್ದ ದರ್ಜಿಯೂ ಮೂಗು ಒರೆಸಿಕೊಂಡ.

"ಅಳೋದು ಆಮೇಲೆ. ನನ್ನನ್ನ ಇಳಿಸಿ."

ಅಣ್ಣನ ಮಗಳೂ ಪಾದ್ರಿಗಳೂ ಎರಡು ಕಡೆ ಹಿಡಿದು ಇಳಿಸಿದರು. ಮಿಸ್ಸು ಪೆಟ್ಟಿಗೆಯ ಪಕ್ಕ ನೆಟ್ಟಗೆ ನಿಂತರು. ಮೇಸ್ತ್ರಿ ಅವರ ಮುಖ ಹುಡುಕುತ್ತ ಮೇಲೆ ನೋಡಿದ. ಅಲ್ಲಿ ಗೋಡೆ ಇತ್ತು. ಮಿಸ್ಸು ಕೆಳಗಿದ್ದರು, ಅವನ ಎದೆಯ ಮಟ್ಟಕ್ಕೆ.

"ಯಾರ ಅಳತೆ ಇದು?"

"ನಿಮ್ಮದೇ, ಮಿಸ್. ನನ್ನ ಕಣ್ಣಿಗೆ ನೀವು ಯಾವಾಗಲೂ..."

"ಕ್ಲಾಸಿನಲ್ಲಿ ನಾನು ಕಟ್ಟೆ ಮೇಲೆ ನಿಂತಿರ್ತಿದ್ದೆ. ನೀನು ನೆಲದ ಮೇಲೆ ಮೊಣಕಾಲೂರಿರ್ತಿದ್ದೆ. ವರ್ಷ ಪೂರ್ತಿ. ಎತ್ತರ ಕಾಣದೆ ಏನು ಮಾಡುತ್ತೆ? ಅಳತೆಗೆ ಎಷ್ಟು ಕೊಡಲಿ?"

"ಸೊನ್ನೆ, ಮಿಸ್."

"ಹತ್ತನ್ನ ಸೊನ್ನೆಯಿಂದ ಗುಣಿಸು."

"...ಸೊನ್ನೆ, ಮಿಸ್."

"ಉತ್ತರ ಸರಿ."

ಮೇಸ್ತ್ರಿ ಕೈ ಜೋಡಿಸಿದ. "ಕೊಯ್ದು ಚಿಕ್ಕದು ಮಾಡ್ತೀನಿ, ಮಿಸ್."

"ಮುಟ್ಟಬೇಡ! ಬದುಕಿನಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯ, ಅದನ್ನೂ ಹಾಳು ಮಾಡ್ತೀಯಾ? ಮಲಗು ಅದರಲ್ಲಿ. ಹೂಂ, ಮಲಗು."

ಹೇಳಿದ್ದು ದೊಡ್ಡ ಮಿಸ್ಸು. ಮೇಸ್ತ್ರಿ ಮಲಗಿದ. ಅಳೆದು ಹೊಲಿಸಿದ ಅಂಗಿಯ ಹಾಗೆ ಕೂತಿತು. ಕಾಲ ಹತ್ತಿರ ಒಂದು ಗೇಣು ಜಾಗ ಉಳಿದಿತ್ತು.

"ನಿನ್ನದೇ ಇದು. ಇಟ್ಟುಕೋ. ಈಗ ಎದ್ದು ಬಂದು ನನ್ನ ಅಳತೆ ತಗೋ. ಹತ್ತಿರ ಬಾ, ಹೊಡೆಯಲ್ಲ."

ದರ್ಜಿ ಸದ್ದಿಲ್ಲದೆ ಟೇಪು ಕೊಟ್ಟ. ಮೇಸ್ತ್ರಿ ಒಂದು ತುದಿಯನ್ನು ಆಕೆಯ ಪಾದದ ಹತ್ತಿರ ಇಟ್ಟು, ಇನ್ನೊಂದನ್ನು ಬಿಳಿಗೂದಲಿನವರೆಗೆ ಎಳೆದ. ನಾಲ್ಕು ಅಡಿ ಎಂಟು ಅಂಗುಲ. ಇಡೀ ಊರನ್ನು ನಡುಗಿಸಿದ್ದು ಇಷ್ಟೇ ಇಷ್ಟು ಜೀವ.

"ಯಾವಾಗ ತರ್ತೀಯ?" ಮತ್ತೆ ಹಾಸಿಗೆ ಸೇರಿದ ಮಿಸ್ಸು ಕೇಳಿದರು.

ಹೊರಗೆ ಹೊತ್ತು ಮುಳುಗಿತ್ತು. ಇರುವ ಉತ್ತರ ಒಂದೇ. ಅದು ಹಲ್ಲಿನ ಹಿಂದೆ ಬಂದು ನಿಂತಿತ್ತು. ಮೇಸ್ತ್ರಿ ಮಿಸ್ಸಿನ ಮೇಜಿನ ಮೇಲಿದ್ದ ಲೋಟ ಎತ್ತಿ ನೀರನ್ನು ಬಾಯಿಗೆ ಸುರಿದುಕೊಂಡ.

"ನುಂಗು. ಪ್ರಶ್ನೆ ಕೇಳಿದ್ದೀನಿ."

ನುಂಗಿದ. "ನಾ... ನಾಳೆ, ಮಿಸ್."

ಅಂಗಳ ಗೊಳ್ಳೆಂದಿತು. ಮಿಸ್ಸು ನಗಲಿಲ್ಲ. "ಸರಿ. ಅಲ್ಲಿವರೆಗೆ ನಾನು ಎಲ್ಲೂ ಹೋಗಲ್ಲ. ಇವಳೇ, ಗಂಜಿ ಇದ್ದರೆ ಕೊಡು, ಹಸಿವಾಗ್ತಿದೆ." ಮೂರು ದಿನದಿಂದ ಏನೂ ತಿನ್ನದಿದ್ದ ಬಾಯಿ ಅದು.

ಪೆಟ್ಟಿಗೆ ಬಂದ ದಾರಿಯಲ್ಲೇ ಹಿಂದಿರುಗಿತು. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. "ವಾಪಸ್ ಕಳಿಸಿದರಂತೆ." "ಲೇಪ ಹಾಕಿರ್ತಾನೆ ಬಿಡು." "ಸಾಯೋರಿಗೂ ನಾಳೆ ಬಾ ಅಂದನಂತೆ!" ಮೇಸ್ತ್ರಿ ಕೆನ್ನೆ ಉಬ್ಬಿಸಿಕೊಂಡು ಗಾಡಿ ತಳ್ಳಿದ.

ಮನೆಯಲ್ಲಿ ಹೆಂಡತಿ ಕಥೆಯನ್ನೆಲ್ಲ ಕೇಳಿದಳು. ಪೆಟ್ಟಿಗೆಯನ್ನು ಗೋಡೆಗೆ ನಿಲ್ಲಿಸಿದಳು. ಮುಚ್ಚಳ ತೆಗೆದಳು, ಹಾಕಿದಳು, ತೇಗವನ್ನು ಅಂಗೈಯಿಂದ ಸವರಿದಳು. ಬೆಳಿಗ್ಗೆ ಮುದುಡಿದ್ದ ಅವಳ ಮುಖ ಮತ್ತೆ ಅರಳಿತು.

"ಎರಡು ಹಲಗೆ ಅಡ್ಡ ಹಾಕಿಕೊಡಿ, ಸಾಕು. ನಿಮಗೆ ಬೇಕಾದ ದಿನ ನನ್ನ ಬಟ್ಟೆ ತೆಗೆದುಕೊಡ್ತೀನಿ." ಹಗ್ಗದ ಮೇಲಿನ ಬಟ್ಟೆಗಳನ್ನು ಆಗಲೇ ಮಡಿಸುತ್ತ ಕೇಳಿದಳು, "ಯಾವಾಗ ಹಾಕಿಕೊಡ್ತೀರಿ?"

ಮೇಸ್ತ್ರಿ ಹೂಜಿಗೆ ಕೈ ಹಾಕಿದ. ಖಾಲಿಯಾಗಿತ್ತು.