ತವರಿನಿಂದ ಬಂದ ಗುಜರಿ

ಹಳೆಯ ಸಾಮಾನು ಮನೆಗೆ ಒಂಟಿಯಾಗಿ ಬರುವುದಿಲ್ಲ. ಇವತ್ತಲ್ಲ ನಾಳೆ ಅದರ ಹಳೆಯ ಯಜಮಾನರೂ ಅದನ್ನು ಹುಡುಕಿಕೊಂಡು ಬಂದೇ ಬರುತ್ತಾರೆ. ನಾವು ಕೊಪ್ಪದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ವರ್ಷಗಳಲ್ಲಿ ಒಂದು ನವರಾತ್ರಿಯೂ ಇದು ತಪ್ಪಲಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಗುಜರಿ ಅಂಗಡಿಯ ಮುಂದೆ ಬೇರೆ ಹೆಂಗಸರು ಸೆರಗು ಎತ್ತಿಕೊಂಡು ಬೇಗಬೇಗ ದಾಟಿದರೆ, ನಾನು ನಿಂತು ಬಗ್ಗಿ ನೋಡುವವಳು. ಗೊಂಬೆ ಕೂರಿಸುವ ಮೇಜಿಗೆ ಪೇಟೆಯ ಪ್ಲಾಸ್ಟಿಕ್ ಹೂವಿಗಿಂತ, ಹುಣಸೆಹಣ್ಣು ಹಾಕಿ ತಿಕ್ಕಿದ ಹಳೆಯ ಹಿತ್ತಾಳೆಯೇ ಚೆಂದ ಎಂದು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ನಮ್ಮತ್ತೆಯ ಜೊತೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಅತ್ತೆ ಶೃಂಗೇರಿ ಪೇಟೆಯಲ್ಲಿ ಹುಟ್ಟಿ, ಬೇಗಾರಿಗೆ ಸೊಸೆಯಾಗಿ ಬಂದು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದವರು. ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ದೇವರ ಮುಂದೆ ಇಡಕೂಡದು ಎಂಬುದು ಅವರ ಕಟ್ಟಳೆ. ಹೊಸತಾದರೆ ಇಡಬಹುದು, ತವರಿನಿಂದ ಬಂದದ್ದಾದರೆ ಇನ್ನೂ ಒಳ್ಳೆಯದು. ಅದಕ್ಕೆ ಅವರು ತೋರಿಸುತ್ತಿದ್ದದ್ದು ತಮ್ಮ ಕಲಶದ ಚೊಂಬನ್ನು. ಅದು ಅವರ ತವರಿನದು, ಮೇಜಿನ ನಡುವೆ ಕೂರುವಂಥದ್ದು. ನಾವು ಏಳುವ ಮೊದಲೇ ಅದಕ್ಕೆ ಜರಿಯ ರವಿಕೆ ಕಣ ಸುತ್ತಿ, ಮಾವಿನೆಲೆ, ತೆಂಗಿನಕಾಯಿ ಇಟ್ಟು ಕೂರಿಸಿಬಿಡುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ನನಗೆ ದಾರಿ ಕಂಡದ್ದು ಅಲ್ಲಿಯೇ. ಗುಜರಿಯಿಂದ ತಂದದ್ದನ್ನೆಲ್ಲ ತವರಿನಿಂದ ಬಂತು ಎಂದುಬಿಟ್ಟೆ. ನನ್ನ ತವರು ನಾರ್ವೆ, ಕೊಪ್ಪದ ಹತ್ತಿರದ್ದೇ ಒಂದು ಹಳ್ಳಿ. ಅಲ್ಲಿನ ಫೋನು ತಂತಿಯ ಮೇಲೆ ಮರ ಬಿದ್ದು ವರ್ಷದಲ್ಲಿ ಮುಕ್ಕಾಲು ಪಾಲು ಸತ್ತೇ ಇರುತ್ತಿತ್ತು. ಕೇಳಿ ನೋಡುವವರು ಯಾರು? ಆದರೂ ಒಳಗೊಳಗೆ ಹೆದರಿಕೆಯಿತ್ತು. ಸಿಕ್ಕಿಬಿದ್ದರೆ ಅತ್ತೆ ಅಷ್ಟನ್ನೂ ಅಂಗಳಕ್ಕೆ ಹಾಕಿಸಿ, ಮುಂದೆಂದೂ ನನ್ನನ್ನು ಆ ಮೇಜಿನ ಹತ್ತಿರ ಬಿಡುವುದಿಲ್ಲ ಎಂದು ಖಂಡಿತ ಗೊತ್ತಿತ್ತು. ವರ್ಷವಿಡೀ ಮಕ್ಕಳಿಗೆ ಮಾವಿನಹಣ್ಣು, ಬಾಳೆಹಣ್ಣು ಬರೆಸುವವಳಿಗೆ ಸ್ವಂತದ್ದೆಂದು ಇದ್ದ ಕೆಲಸ ಆ ಒಂಬತ್ತು ದಿನದ ಮೇಜು ಒಂದೇ.

೧. ಮೇಜು

ಮೇಜೇ ಹಳೆಯದು. ನರಸಿಂಹರಾಜಪುರದಲ್ಲಿ ಮೊದಲು ಕೆಲಸಕ್ಕೆ ಸೇರಿದಾಗ ಯಾವುದೋ ಆಫೀಸಿನ ಹಳೆಯ ಸಾಮಾನು ಹರಾಜಾಯಿತು, ಅದರಲ್ಲಿ ಹಿಡಿದದ್ದು. ಮರ ಒಳ್ಳೆಯದು, ಒಂದು ಕಾಲು ಮಾತ್ರ ಗಿಡ್ಡ. ಅತ್ತೆಯ ಹತ್ತಿರ ನನ್ನ ಅಣ್ಣ ಮಾಡಿಸಿಕೊಟ್ಟದ್ದು ಎಂದಿದ್ದೆ.

ಮೊದಲನೇ ವರ್ಷ ಗೊಂಬೆ ನೋಡಲು ಪಕ್ಕದ ಬೀದಿಯ ರಿಟೈರ್ಡ್ ಗುಮಾಸ್ತರು ಹೆಂಡತಿಯ ಜೊತೆ ಬಂದರು. ಹೆಂಡತಿ ಗೊಂಬೆ ನೋಡಿದರು, ಗುಮಾಸ್ತರು ಮೇಜಿನ ಕಾಲು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಫೈಲು ಬರುವುದನ್ನು ಕಾಯುವವರ ಹಾಗೆ ಮೇಜಿನ ಮೇಲೆ ಮೊಣಕೈ ಊರಿದರು. ಇದು ಅವರ ಹಳೆಯ ಆಫೀಸಿನ ಮೇಜೇ ಎಂದು ನನಗೆ ಆಗ ಹೊಳೆಯಿತು.

ನೋಡುತ್ತಿದ್ದ ಹಾಗೆ ಅವರ ಎಡಗೈ ತನ್ನಷ್ಟಕ್ಕೇ ಸೀರೆಯ ಹೊದಿಕೆಯೊಳಗೆ ಹೋಗಿ, ಡ್ರಾಯರಿನ ಹಿಂದಿನ ಸಂದಿಯಿಂದ ಒಂದು ಪುಟ್ಟ ನಶ್ಯದ ಡಬ್ಬಿ ಹಿಡಿದುಕೊಂಡು ಬಂತು. ಅಷ್ಟು ವರ್ಷ ನಾನು ಒರೆಸಿದ ಮೇಜು, ನನಗೇ ಆ ಸಂದಿ ಗೊತ್ತಿರಲಿಲ್ಲ. ಅವರು ಯೋಚನೆಯೇ ಇಲ್ಲದೆ ಮುಚ್ಚಳ ತೆಗೆದು ಒಂದು ಚಿಟಿಕೆ ಏರಿಸಿಯೂ ಬಿಟ್ಟರು. ಹೆಂಡತಿ ತಿರುಗಿ ನೋಡಿದರು. ನಶ್ಯ ಬಿಟ್ಟು ಹತ್ತು ವರ್ಷವಾಯಿತೆಂದು ಆ ತಾಯಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಅಷ್ಟರಲ್ಲಿ ಅತ್ತೆ ಕಡಲೆ ಉಸ್ಲಿಯ ತಟ್ಟೆ ಹಿಡಿದು ಒಳಗಿನಿಂದ ಬಂದರು. ಗುಮಾಸ್ತರು ಡಬ್ಬಿಯನ್ನು ಮುಷ್ಟಿಯಲ್ಲಿ ಅಡಗಿಸಿ ಸಾಲಾಗಿ ಐದು ಸೀನು ಸೀನಿದರು. ಅತ್ತೆ ನನ್ನನ್ನು ಒಳಗೆ ಕರೆದು ಬೈದರು.

"ಅಣ್ಣ ಅಷ್ಟು ಚಂದ ಮೇಜು ಕೊಟ್ಟಿದಾನೆ, ಧೂಳು ಹೊಡಿಲಿಕ್ಕೆ ಎಂತ ಧಾಡಿ ನಿಂಗೆ?"

೨. ಆನೆ

ಗುಜರಿ ಸಾಹೇಬರ ಅಂಗಡಿ ನರಸಿಂಹರಾಜಪುರದ ರಸ್ತೆಯಲ್ಲಿತ್ತು. ನನಗೆ ಹಿಡಿಸುವಂಥದ್ದು ಬಂದರೆ ಅವರು ಗೋಣಿಯಡಿ ಮುಚ್ಚಿಟ್ಟು ಹೇಳಿ ಕಳಿಸುತ್ತಿದ್ದರು. ಮನೆಗೆ ಮಾತ್ರ ತರಬೇಡಿ ಎಂದು ಸಾರಿ ಸಾರಿ ಹೇಳಿದ್ದೆ, ಕಾರಣವನ್ನೂ ಹೇಳಿದ್ದೆ. ಎರಡನೇ ವರ್ಷ ಹಬ್ಬದ ಹಿಂದಿನ ದಿನ ಅವರಿಗೊಂದು ಹಿತ್ತಾಳೆ ಆನೆ ಸಿಕ್ಕಿತು. ಮೊಣಕೈ ಎತ್ತರದ್ದು, ಸೊಂಡಿಲು ಎತ್ತಿದ್ದು. ಟೀಚರಿಗೆ ಹಬ್ಬ ತಪ್ಪಿಹೋಗುತ್ತದೆಂದು ಮರುಗಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದೇಬಿಟ್ಟರು. ಬಾಗಿಲು ತೆಗೆದದ್ದು ಅತ್ತೆ.

ನಾನು ಹಿಂದಿನಿಂದ ಓಡಿ ಬರುವಷ್ಟರಲ್ಲಿ ಸಾಹೇಬರು ಬಾಯಿ ಬಿಟ್ಟಾಗಿತ್ತು. ನಾರ್ವೆಯಿಂದ ಟೀಚರಮ್ಮನ ತಾಯಿ ಕಳಿಸಿದ್ದಾರೆ ಎಂದರು, ಕಣ್ಣು ಮಿಟುಕಿಸದೆ. ನಾನು ಉಸಿರು ಬಿಟ್ಟೆ. ಅತ್ತೆ ಆನೆಯನ್ನೂ ನೋಡಿದರು, ಗೋಣಿಯನ್ನೂ ನೋಡಿದರು, ಸೈಕಲ್ಲಿಗೆ ನೇತುಹಾಕಿದ್ದ ತಕ್ಕಡಿಯನ್ನೂ ನೋಡಿದರು. ಆಮೇಲೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕೇಳಿದರು:

"ನಮ್ಮ ಬೀಗಿತ್ತಿ ಮಂಡಿನೋವು ಹೇಗಿದೆ ಈಗ?"

"ಎಷ್ಟೋ ವಾಸಿ ಅಮ್ಮ. ಮೊನ್ನೆಯಿಂದ ತೋಟಕ್ಕೆ ಹೋಗಿ ಬರ್ತಿದ್ದಾರೆ," ಎಂದರು ಸಾಹೇಬರು.

ನಮ್ಮಮ್ಮನಿಗೆ ಮಂಡಿನೋವೇ ಇರಲಿಲ್ಲ. ಅತ್ತೆಗೆ ವಯಸ್ಸಾಯಿತು, ಯಾರದ್ದೋ ನೋವು ಯಾರಿಗೋ ಹಚ್ಚುತ್ತಿದ್ದಾರೆ ಎಂದುಕೊಂಡೆ. ಅಲ್ಲಿಂದ ಮುಂದೆ ಪ್ರತಿ ನವರಾತ್ರಿಗೂ ಸಾಹೇಬರು ಬರುವುದು, ಅತ್ತೆ ಮಂಡಿ ವಿಚಾರಿಸುವುದು, ಸಾಹೇಬರು ವರದಿ ಕೊಡುವುದು ರೂಢಿಯಾಯಿತು. ಒಂದು ವರ್ಷ ಅವರು ಯಾವುದೋ ಎಣ್ಣೆಯ ಹೆಸರು ಹೇಳಿ, ಅಮ್ಮನಿಗೆ ಅದರಿಂದಲೇ ಗುಣವಾದದ್ದು ಎಂದರು. ಅತ್ತೆ ಆ ಎಣ್ಣೆಯನ್ನು ತರಿಸಿ ತಮ್ಮ ಮಂಡಿಗೆ ಹಚ್ಚಿಕೊಂಡರು. ಅವರಿಗೆ ನಿಜವಾಗಿಯೂ ಗುಣವಾಯಿತು.

೩. ಬೋಗುಣಿ

ನಮ್ಮ ಕಡೆ ಪಾತ್ರೆ ಕೊಂಡರೆ ಮೊದಲು ಹೆಸರು ಕೊರೆಸುತ್ತಾರೆ. ಉಡುಗೊರೆಯಾದರಂತೂ ಕೊಟ್ಟವರದ್ದು, ಪಡೆದವರದ್ದು, ಜಾಗವಿದ್ದರೆ ಶುಭಾಶಯವೂ ಸೇರುತ್ತದೆ. ನಾನು ಗುಜರಿಯಿಂದ ತಂದ ಪಾತ್ರೆಗಳನ್ನೆಲ್ಲ ಹೆಸರು ಗೋಡೆಯ ಕಡೆ ಬರುವ ಹಾಗೆ ಇಡುತ್ತಿದ್ದೆ.

ಹಣ್ಣು ತುಂಬಿಸಿಟ್ಟ ಒಂದು ದೊಡ್ಡ ಸ್ಟೀಲು ಬೋಗುಣಿಯಿತ್ತು. ಎದುರು ಮನೆಯ ಡಾಕ್ಟರ ಹೆಂಡತಿ ಬಂದವರು ಒಂದು ಕಿತ್ತಳೆ ತೆಗೆಯುವ ನೆಪದಲ್ಲಿ ಬೋಗುಣಿಯನ್ನು ತಿರುಗಿಸಿ ಓದಿಯೇಬಿಟ್ಟರು. ಓದಿದವರ ಮುಖ ಬಿಳಿಚಿಕೊಂಡಿತು. ಅವರನ್ನು ನಾವೆಲ್ಲ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದದ್ದು. ಅವರಿಗೊಂದು ಸ್ವಂತ ಹೆಸರಿದೆ, ಆ ಹೆಸರೇ ಬೋಗುಣಿಯ ಮೇಲಿದೆ ಎಂದು ನನಗೇನು ಗೊತ್ತು? ಹೆಸರಿನ ಕೆಳಗೆ ‘ನಾದಿನಿಯ ಪ್ರೀತಿಯ ಕಾಣಿಕೆ’ ಎಂದಿತ್ತು. ಡಾಕ್ಟರಮ್ಮ ಅದನ್ನು ಗುಜರಿಗೆ ಹಾಕಿ ವರ್ಷವೂ ಆಗಿರಲಿಲ್ಲ.

ಅತ್ತೆ ಅಲ್ಲೇ ಕೂತು, ಇದೆಲ್ಲ ಸೊಸೆಯ ತವರಿನದು ಎಂದು ಬಂದವರಿಗೆ ಹೇಳುತ್ತಿದ್ದರು. ಡಾಕ್ಟರಮ್ಮ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಬಾಯಿ ಬಿಟ್ಟರೆ ನಾನು ಹೋದೆ, ನಾನು ಬಿಟ್ಟರೆ ಅವರು ಹೋದರು. ಅವರು ಮೆಲ್ಲಗೆ ಬೋಗುಣಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿ, ನಿಮ್ಮ ಸೊಸೆಯ ತವರಿನವರಿಗೆ ಒಳ್ಳೆಯ ಅಭಿರುಚಿ ಎಂದು ಅತ್ತೆಗೆ ಹೇಳಿದರು.

ಮರುದಿನ ಆ ನಾದಿನಿಯೇ ಗೊಂಬೆ ನೋಡಲು ಬಂದಳು. ಡಾಕ್ಟರಮ್ಮ ಅವಳಿಗಿಂತ ಮುಂಚೆ ಒಳಗೆ ಬಂದು, ಬೋಗುಣಿಗೆ ಬೆನ್ನು ಕೊಟ್ಟು, ಆರತಿ ಮುಗಿದು ಕುಂಕುಮ ಕೊಡುವ ತನಕ ಅಲ್ಲಾಡದೆ ನಿಂತರು. ಪಾಪ, ಇಷ್ಟು ಭಕ್ತಿಯಿಂದ ಗೊಂಬೆ ಕಾಯುವವರನ್ನು ಕಂಡಿಲ್ಲ ಎಂದು ಅತ್ತೆ ಇಡೀ ಬೀದಿಗೆ ಹೇಳಿದರು.

೪. ಅಣ್ಣ

ಅಣ್ಣ ಅತ್ತಿಗೆ ಹಬ್ಬಕ್ಕೆ ಬರುತ್ತಾರೆಂದು ಮೊದಲೇ ಗೊತ್ತಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಹಿಡಿದು ಪಾಠ ಹೇಳಿಕೊಡುತ್ತಿದ್ದೆ. ಅವರು ಹೇಳದೆ ಬಂದರು. ನಾನು ಕೈಕಾಲು ತೊಳೆಯಲು ನೀರು ತರುವಷ್ಟರಲ್ಲಿ ಅತ್ತೆ ಧನ್ಯವಾದ ಹೇಳಲು ಶುರುಮಾಡಿದ್ದರು. ಮೇಜು ಮಾಡಿಸಿಕೊಟ್ಟಿರಿ, ಆನೆ ಕಳಿಸಿದಿರಿ, ಬೋಗುಣಿ, ಎರಡು ದೀಪದ ಕಂಬ, ಹೆಣ್ಣು ಕೊಟ್ಟವರು ಇಷ್ಟೆಲ್ಲ ಕೊಡಬೇಕೆಂದಿತ್ತೇ ಎಂದು.

"ಯಾವ ಆನೆ ಮಾರಾಯ್ತಿ?" ಎಂದ ಅಣ್ಣ, ನನ್ನ ಕಡೆ ತಿರುಗಿ. ನಾನು ಅವನ ಕಾಲು ತುಳಿದೆ. ಅತ್ತೆ ಏಕೋ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಆದರೆ ಅತ್ತಿಗೆಯ ಕಾಲು ತುಳಿಯುವುದನ್ನು ಮರೆತಿದ್ದೆ. ಅವಳು ಮೇಜಿನ ಮೇಲಿದ್ದ ಒಂದೊಂದು ಹಿತ್ತಾಳೆಯನ್ನೂ ನಿಧಾನವಾಗಿ ನೋಡುತ್ತಾ ಬಂದಳು. ತನಗೆ ಸೇರಬೇಕಾದ ಮನೆಯ ಸಾಮಾನನ್ನೆಲ್ಲ ನಮ್ಮಮ್ಮ ಗುಟ್ಟಾಗಿ ಮಗಳ ಮನೆಗೆ ಸಾಗಿಸಿದ್ದಾಳೆ ಎಂಬುದು ಅವಳಿಗೆ ಖಾತ್ರಿಯಾಯಿತು.

ಊರಿಗೆ ಹೋದವಳೇ ಅಟ್ಟ ಹತ್ತಿ ಪಾತ್ರೆ ಪಗಡಿ ಎಲ್ಲ ಇಳಿಸಿದಳಂತೆ. ಅಮ್ಮನ ಜೊತೆ ಮಾತು ಬಿಟ್ಟಳು. ಏನೂ ಅರಿಯದ ಅಮ್ಮ ಮೂರು ದಿನ ಅತ್ತಳು ಎಂದು ಅಣ್ಣ ಬಂದು ಹೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಅವತ್ತೇ ನಾರ್ವೆಗೆ ಹೋಗಿ ಅತ್ತಿಗೆಯನ್ನು ಹಿತ್ತಲಿಗೆ ಕರೆದು ಇದ್ದದ್ದನ್ನೆಲ್ಲ ಹೇಳಿದೆ. ನಮ್ಮತ್ತೆಗೆ ಮಾತ್ರ ಹೇಳಬೇಡ ಎಂದು ಕೈ ಹಿಡಿದುಕೊಂಡೆ. ಅವಳು, ಆ ಅಂಗಡಿ ಯಾವ ರಸ್ತೆಯಲ್ಲಿದೆ ಎಂದು ಕೇಳಿದಳು.

ಮುಂದಿನ ವರ್ಷ ತವರಿಗೆ ಹೋದಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ನಿನ್ನ ಅತ್ತಿಗೆಯ ತವರಿನವರು ಈಚೆಗೆ ಬಹಳ ಧಾರಾಳಿಗಳಾಗಿದ್ದಾರೆ ಎಂದಳು.

೫. ಚೊಂಬು

ಇನ್ನೊಂದು ವರ್ಷ ನವರಾತ್ರಿಗೆ ಒಂದು ವಾರ ಮುಂಚೆ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಉಳುಕಿಸಿಕೊಂಡರು. ಮಣಿಕಟ್ಟಿನಿಂದ ಮೊಣಕೈವರೆಗೆ ಪಟ್ಟಿ. ಹಬ್ಬದ ಮೊದಲ ದಿನ ಬೆಳಿಗ್ಗೆ ಎದ್ದು ಬಂದರೆ, ಅತ್ತೆ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಚೊಂಬಿಗೆ ಕಣ ಸುತ್ತಲು ಒದ್ದಾಡುತ್ತಿದ್ದರು. ಸುತ್ತಿದ ಹಾಗೆ ಅದು ಜಾರುತ್ತಿತ್ತು. ನಾನು ಮಾಡಿಕೊಡುತ್ತೇನೆ ಎಂದೆ, ಬೇಡ ಎಂದರು. ನನ್ನ ಗಂಡನನ್ನು ಎಬ್ಬಿಸಲೇ ಎಂದೆ, ಅದಂತೂ ಬೇಡವೇ ಬೇಡ ಎಂದರು. ಕೊನೆಗೆ ಕಣ ಪೂರ್ತಿ ಕಳಚಿ ಬಿತ್ತು. ಚೊಂಬು ಉರುಳಿಕೊಂಡು ಬಂದು ನನ್ನ ಕಾಲ ಬುಡದಲ್ಲಿ ನಿಂತಿತು.

ಎತ್ತಿಕೊಂಡೆ. ಹೊಟ್ಟೆಯ ಒಂದು ಮಗ್ಗುಲಿಗೆ ದಪ್ಪ ಅಕ್ಷರದಲ್ಲಿ ಏನೋ ಕೊರೆದಿತ್ತು. ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನಾನು ಮದುವೆಯಾಗಿ ಬಂದಾಗಿನಿಂದ ಕೈಮುಗಿದು ಅಡ್ಡಬಿದ್ದ ಆ ಕಲಶದ ಮೇಲೆ ಬರೆದಿದ್ದದ್ದು ಇಷ್ಟು: ‘ಇದು ಕಾಫಿ ಕ್ಲಬ್ಬಿನಿಂದ ಕದ್ದದ್ದು’.

ಗಿರಾಕಿಗಳು ಲೋಟ, ಚೊಂಬು ಮನೆಗೆ ಒಯ್ಯಬಾರದೆಂದು ಹಿಂದೆ ಹೋಟೆಲಿನವರು ಹಾಗೆ ಕೊರೆಸುತ್ತಿದ್ದರು. ಒಯ್ದರೂ ನಾಲ್ಕು ಜನರ ಮುಂದೆ ಇಡಲು ಆಗಬಾರದಲ್ಲ.

"ಬಾಗ್ಲು ಹಾಕು ಮೊದ್ಲು," ಎಂದರು ಅತ್ತೆ.

ಹಾಕಿದೆ. ಅತ್ತೆ ನನ್ನ ಮುಖ ನೋಡದೆ ಹೇಳಿದರು. ಕದ್ದದ್ದಲ್ಲವಂತೆ. ಅವರ ಮದುವೆ ಹೊತ್ತಿಗೆ ಪೇಟೆಯ ಕಾಫಿ ಕ್ಲಬ್ಬು ಮುಚ್ಚಿ, ಪಾತ್ರೆಗಳನ್ನೆಲ್ಲ ಮಾರಿದರಂತೆ. ಕಲಶದ ಚೊಂಬು ಇಲ್ಲದೆ ಮಗಳನ್ನು ಬೇಗಾರಿಗೆ ಕಳಿಸುವುದು ಹೇಗೆ ಎಂದು ಕೂತಿದ್ದ ಅವರ ಅಪ್ಪ ಅಲ್ಲಿಂದ ಇದೊಂದನ್ನು ತಂದರಂತೆ. ಹೊಸದು ಕೊಡುವ ಶಕ್ತಿ ಅವರಿಗಿರಲಿಲ್ಲ. ಅವರ ಅಮ್ಮ ಕಣ ಸುತ್ತಿ ಮಗಳ ಕೈಯಲ್ಲಿಟ್ಟು, ಇದನ್ನು ಯಾರ ಎದುರೂ ಬಿಚ್ಚಬೇಡ ಎಂದಿದ್ದರಂತೆ. ಮಾವನಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಒಬ್ಬರೇ ಕತ್ತಲಲ್ಲಿ ಎದ್ದು ಅದನ್ನು ಮುಚ್ಚುತ್ತಾ ಬಂದಿದ್ದರಲ್ಲ ಎಂದು ನನಗೆ ಕಣ್ಣು ತುಂಬಿತು. ಇಂಥವರನ್ನು ಏಮಾರಿಸಿ ಮೇಜು ತುಂಬಿಸಿದ್ದೇನಲ್ಲ, ನಾನೂ ಹೇಳಿಬಿಡಬೇಕು ಎನಿಸಿತು.

"ಅತ್ತೆ, ಆ ಆನೆ..." ಎಂದು ಶುರುಮಾಡಿದೆ.

"ಗೊತ್ತು ಮಾರಾಯ್ತಿ. ನಿನ್ನ ಅಮ್ಮಂಗೆ ಎಂತ ಮಂಡಿನೋವು? ಸಾಹೇಬ್ರು ಎಂತ ಹೇಳ್ತಾರೆ ಅಂತ ನೋಡಿದ್ದು ನಾನು."

ನನ್ನ ಕೈಯಲ್ಲಿದ್ದ ಚೊಂಬು ಇನ್ನೊಂದು ಸಲ ಬೀಳುವುದರಲ್ಲಿತ್ತು. ಆನೆ ಬಂದ ದಿನವೇ ಅವರಿಗೆ ತಿಳಿದಿತ್ತು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಮೇಜು ಚೆಂದ ಕಾಣುತ್ತಿತ್ತಲ್ಲ ಎಂದರು. ನಾನು ಕಣವನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿ, ಪಿನ್ನು ಚುಚ್ಚಿ ಭದ್ರ ಮಾಡಿದೆ. ಅತ್ತೆ ಅತ್ತಿತ್ತ ಅಲುಗಾಡಿಸಿ ನೋಡಿ, ಅಕ್ಷರ ಇರುವ ಕಡೆಯನ್ನು ಗೋಡೆಗೆ ತಿರುಗಿಸಿಡು, ನಿನಗೆ ಅಭ್ಯಾಸ ಇದೆಯಲ್ಲ ಎಂದರು.

ಅವತ್ತು ಮಧ್ಯಾಹ್ನವೇ ಸಾಹೇಬರ ಸೈಕಲ್ಲಿನ ಗಂಟೆ ಕೇಳಿತು. ನಾನು ಏಳುವ ಮೊದಲೇ ಅತ್ತೆ ಪಟ್ಟಿ ಕಟ್ಟಿದ ಕೈ ಎದೆಗಿಟ್ಟುಕೊಂಡು ಹೋಗಿ ಬಾಗಿಲು ತೆಗೆದರು. ಸಾಹೇಬರು ಎಂದಿನಂತೆ, ನಾರ್ವೆಯ ಅಮ್ಮ ಕಳಿಸಿದ್ದಾರೆ ಎಂದರು. ಅತ್ತೆ ಎಂದಿನಂತೆ ಮಂಡಿನೋವು ವಿಚಾರಿಸಿದರು. ದೇವರ ದಯೆ, ಈ ವರ್ಷ ಪೂರ್ತಿ ಗುಣ ಎಂದರು ಸಾಹೇಬರು.

"ಹಾಗಾದ್ರೆ ಬೀಗಿತ್ತಿಗೆ ಒಂದು ಮಾತು ಹೇಳಿ," ಎಂದರು ಅತ್ತೆ. "ಆನೆ ಒಂಟಿಯಾಗಿದೆ, ಮುಂದಿನ ವರ್ಷಕ್ಕೆ ಜೋಡಿ ಕಳಿಸ್ಲಿ. ಹೆಸರು ಕೊರೆದಿದ್ದು ಮಾತ್ರ ಬೇಡ. ಮನೇಲಿ ಗೋಡೆ ಸಾಲ್ತಾ ಇಲ್ಲ."