ಅಕ್ಕನ ದೇವಿಗೆ ಹದಿನೆಂಟು ಕೈ

ವಿಜಯವಾಡದ ನನ್ನ ಅಕ್ಕನ ಮನೆಗೆ ಬರಿಗೈಯಲ್ಲಿ ಹೋದರೂ ನಡೆಯುತ್ತದೆ, ಆದರೆ ಉಗುರು ಕತ್ತರಿಸಿಕೊಂಡು ಹೋಗಬೇಕು! ಯಾಕೆಂದರೆ ಅವಳು ಬಂದವರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಬ್ಯಾಂಕಿನ ಕೆಲಸದಲ್ಲಿ ತುಮಕೂರಿನಿಂದ ಅಲ್ಲಿಗೆ ವರ್ಗವಾಗಿ ಬಂದು, ನಿವೃತ್ತಿಯಾದ ಮೇಲೂ ಆ ಊರಿನ ಸೆಕೆಯನ್ನು ಬೈಯುತ್ತಲೇ ಅಲ್ಲೇ ಉಳಿದವಳು. ಈಗ ಟ್ಯಾಬ್ ಮೇಲೆ ದೇವಿಯ ಚಿತ್ರ ಬರೆಯುತ್ತಾಳೆ.

ಹೋದ ದಸರೆಗೆ ಅವಳ ಅಪಾರ್ಟ್‌ಮೆಂಟಿನ ಕಮಿಟಿಯವರು ಮಂಟಪದ ಹಿಂದೆ ಕಟ್ಟಲು ಹದಿನೆಂಟು ಕೈಯ ಮಹಿಷಾಸುರಮರ್ದಿನಿಯನ್ನು ಕೇಳಿದರು. ಸಂತೋಷಕ್ಕೆ ಅಕ್ಕನಿಗೆ ನೆಲ ಕಾಣಲಿಲ್ಲ. ಅಲ್ಲಿಯವರೆಗೆ ಅವಳ ಚಿತ್ರಗಳನ್ನು ನೋಡಿದವರು ನಾನು ಮತ್ತು ಭಾವ ಇಬ್ಬರೇ. ಭಾವನಿಗೋ ಕಣ್ಣಿನಲ್ಲಿ ಪೊರೆ!

ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಜೀವ ಸವೆಸಿದ ನಾನು, ದುವ್ವಾಡದಲ್ಲಿ ರೈಲು ಹತ್ತಿ ಬಂದವನೇ ಬುದ್ಧಿ ಹೇಳಿದೆ.

"ಅಕ್ಕ, ಒಂದು ಕೈ ಬರಿ. ಅದನ್ನೇ ಕಾಪಿ ಮಾಡಿ ತಿರುಗಿಸಿ ತಿರುಗಿಸಿ ಅಂಟಿಸು."

"ಹದಿನೆಂಟೂ ಒಂದೇ ಥರ ಇದ್ರೆ ಅದು ದೇವಿಯಲ್ಲ ಕಣೋ, ಪೊಲೀಸ್ ಕವಾಯತು!"

ಹಾಗಾಗಿ ಟ್ಯಾಬಿನಲ್ಲಿ ಒಂದೊಂದು ಕೈಗೆ ಒಂದೊಂದು ಪದರ, ಅಂದರೆ ಲೇಯರ್, ಒಂದೊಂದು ಲೇಯರಿಗೆ ಒಬ್ಬೊಬ್ಬರ ಬಲಿ. ಗ್ಯಾಸ್ ತಂದವನ ಕೈಗೆ ಪೊರಕೆ ಕೊಟ್ಟು, ಗದೆ ಎಂದುಕೊಂಡು ಹಿಡಿ ಎಂದು ತನ್ನ ತುಮಕೂರು ತೆಲುಗಿನಲ್ಲಿ ಗದರಿ ಫೋಟೋ ತೆಗೆದಳು. ಮುಂದಿನ ಸಲ ಆತ ಸಿಲಿಂಡರನ್ನು ವಾಚ್‌ಮನ್ ಹತ್ತಿರ ಇಟ್ಟು ಓಡಿದ. ಪಕ್ಕದ ಮನೆಯ ಅಜ್ಜಿ ಸೌಟನ್ನು ಖಡ್ಗದಂತೆ ಹಿಡಿದರು. ಸೊಸೆಯನ್ನು ನೆನೆಸಿಕೊಂಡರೋ ಏನೋ, ಬಹಳ ಚೆನ್ನಾಗಿ ಹಿಡಿದರು! ಸೀರೆಯ ವಿಷಯಕ್ಕೆ ಬಂದಾಗ ಭಾವ ರೇಷ್ಮೆ ಇರಲಿ ಎಂದರು.

"ಈ ಬೇಗೆಯಲ್ಲಿ ರೇಷ್ಮೆ ಉಟ್ಕೊಂಡು ಯುದ್ಧ ಮಾಡ್ಬೇಕಾ? ನೀವು ಮಾಡಿ ನೋಡೋಣ!" ಎಂದು ದೇವಿಗೆ ಮಂಗಳಗಿರಿಯ ಹತ್ತಿ ಸೀರೆ ಉಡಿಸಿದಳು.

ಎಲ್ಲರ ಕೈಯೂ ಆಯಿತು. ನನ್ನನ್ನು ಕೇಳಲಿಲ್ಲ. ಯಾಕೆ ಕೇಳುತ್ತಾಳೆ? ನನ್ನ ಬಲಗೈಯ ಎರಡು ಬೆರಳು ಕಾರ್ಖಾನೆಯಲ್ಲೇ ಹೋದವು. ಅಂದಿನಿಂದ ಆ ಕೈ ಜೇಬಿನಲ್ಲಿದೆ. ಮದುವೆಮನೆಗಳಲ್ಲಿ ಅಕ್ಷತೆಯ ತಟ್ಟೆ ನನ್ನ ತನಕ ಬಂದು, ಕೆಮ್ಮಿ, ಪಕ್ಕದವರಿಗೆ ಹೋಗುತ್ತದೆ. ನಮ್ಮವರ ಮರ್ಯಾದೆ ಅಂಥದ್ದು! ಊನವಾದದ್ದು ಪೂಜೆಗೆ ಸಲ್ಲದೆಂಬ ಶಾಸ್ತ್ರ ನನಗೂ ಗೊತ್ತು. ಆದರೂ ಒಡಹುಟ್ಟಿದ ಅಕ್ಕ! ಗ್ಯಾಸಿನವನಿಗಿಂತ ಕಡೆಯಾದೆನೇ ನಾನು? ಹೊಟ್ಟೆ ಉರಿಯಿತು. ಅದೇ ಹೊಟ್ಟೆಗೆ ಅವಳ ಉಪ್ಪಿಟ್ಟನ್ನೂ ಹಾಕಿಸಿಕೊಂಡೆ.

ಒಂದು ಸಂಜೆ ಕಮಿಟಿಯವರು ಬಂದರು. ಅಧ್ಯಕ್ಷರು ಟ್ಯಾಬಿನ ಮೇಲೆ ಬೆರಳಾಡಿಸಿ ಚಿತ್ರವನ್ನು ಹಿಗ್ಗಿಸುತ್ತಾ ಒಂದು ಕಡೆ ನಿಂತರು.

"ಅಮ್ಮವಾರಿಕಿ ಇಕ್ಕಡ ಮೂಡೇ ವೇಳ್ಳಾ? ಇದಿ ಏಐ ಬೊಮ್ಮ ಕದಂಡೀ ಮೇಡಂ!"

ಮೂರೇ ಬೆರಳಂತೆ! ಆದ್ದರಿಂದ ಇದು ಕಂಪ್ಯೂಟರ್ ತಾನಾಗಿ ಬರೆದ ಚಿತ್ರವಂತೆ! ಅದಕ್ಕೆ ಬೆರಳಿನ ಲೆಕ್ಕ ಬರುವುದಿಲ್ಲವೆಂದು ಅವರ ಮೊಮ್ಮಗ ಹೇಳಿದ್ದನಂತೆ. ಒಂದು ಉಗುರಿಗಾಗಿ ಊಟ ಬಿಟ್ಟ ಅಕ್ಕನಿಗೆ ಈ ಬಿರುದು! ಎರಡು ಬೆರಳು ಸೇರಿಸಿದರೆ ಒಪ್ಪಿಕೊಳ್ಳುತ್ತೇವೆ ಎಂದರು. ಅಕ್ಕ ಸೇರಿಸುವುದಿಲ್ಲ ಎಂದಳು. ಆ ದಸರೆಗೆ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ನೇತಾಡಿತು. ಅದರಲ್ಲಿ ದೇವಿಗಿಂತ ಕಮಿಟಿಯವರ ಫೋಟೋಗಳೇ ದೊಡ್ಡವು!

ಆದರೆ ಅಂದು ಅವರು ಮೆಟ್ಟಿಲಿಳಿಯುತ್ತಲೇ ನಾನು ರೇಗಿದೆ.

"ಎರಡು ಬೆರಳಿಗೆ ಇಷ್ಟು ಹಟವಾ? ಮನೆಬಾಗಿಲಿಗೆ ಬಂದದ್ದನ್ನ ಒದ್ದುಬಿಟ್ಟೆಯಲ್ಲ!"

ಅವಳು ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು. ಉಳಿದ ಕೈಗಳಲ್ಲೆಲ್ಲ ಏನೇನೋ ಇತ್ತು. ಇದೊಂದು ಕೈ ಬರಿದಾಗಿ, ಅಂಗೈ ತೋರಿಸಿ ನಿಂತಿತ್ತು. ಅಭಯಹಸ್ತ. ಉಂಗುರದ ಬೆರಳಿಲ್ಲ, ಕಿರುಬೆರಳಿಲ್ಲ.

"ನೀನು ಜೇಬಿಂದ ತೆಗಿಯೋದೇ ಇಲ್ವಲ್ಲೋ, ನೆನಪಿಂದ ಬರೆದೆ. ನಿಮ್ಮ ಭಾವನ ಹಾರ್ಟ್ ಆಪರೇಷನ್ ದಿನ ಪೂರ್ತಿ ನಾನು ಹಿಡ್ಕೊಂಡು ಕೂತಿದ್ದ ಕೈ. ಹೆದರಬೇಡ ಅನ್ನೋ ಕೈ ನಂಗೆ ಅದೊಂದೇ ಗೊತ್ತು."

ಏನಾದರೂ ಹೇಳಬೇಕಲ್ಲ! "ಗಾಯದ ಗುರುತು ತಪ್ಪಿದೆ, ಇನ್ನೂ ಕೆಳಗಿದೆ" ಎಂದೆ.

ಅಕ್ಕ ಕನ್ನಡಕ ಏರಿಸಿ ಪೆನ್ನು ಎತ್ತಿಕೊಂಡಳು. "ಹಂಗಾದ್ರೆ ತೋರ್ಸು."

ನಾನು ಜೇಬಿನಿಂದ ಕೈ ತೆಗೆದೆ.